ಬ್ಯಾಂಕಿನ ಮೇಲೆ ನಂಬಿಕೆ ಹೋಗಿದೆ, ಉಳಿತಾಯವನ್ನು ಕ್ರಿಪ್ಟೊಗೆ ಹಾಕಲೇ?

ಪ್ರಶ್ನೆ: ನನಗೆ 44 ವರ್ಷ. ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಎಂಟು ವರ್ಷದ ಹಿಂದೆ ಬ್ಯಾಂಕಿನವರ ಮಾತು ಕೇಳಿ ಒಂದು ಹೂಡಿಕೆ ಯೋಜನೆಗೆ ಹಣ ಕಟ್ಟಿದೆ. ಅಸಲಿನಲ್ಲೇ ಮೂರನೇ ಒಂದು ಭಾಗ ಹೋಯಿತು. ಅದನ್ನು ಮಾರಿದವರಿಗೆ ಮಾತ್ರ ಒಳ್ಳೆಯ ಕಮಿಷನ್ ಸಿಕ್ಕಿತ್ತು ಅಂತ ಆಮೇಲೆ ತಿಳಿಯಿತು. ಆಗಿನಿಂದ ಬ್ಯಾಂಕು, ಶೇರು, ಫಂಡು ಯಾವುದರ ಮೇಲೂ ನಂಬಿಕೆ ಇಲ್ಲ. ಈಗ ವಿದೇಶದ ಕ್ಲೈಂಟ್ ಒಬ್ಬರು ನನ್ನ ಸಂಭಾವನೆಯನ್ನು ಸ್ಟೇಬಲ್‌ಕಾಯಿನ್‌ನಲ್ಲಿ, ಅಂದರೆ ಡಾಲರಿಗೆ ಸಮವಾಗಿರುವಂತೆ ಮಾಡಿದ ಕ್ರಿಪ್ಟೊ ನಾಣ್ಯದಲ್ಲಿ ಕೊಡುತ್ತೇನೆ, ಬ್ಯಾಂಕ್ ಶುಲ್ಕ ಉಳಿಯುತ್ತದೆ ಎನ್ನುತ್ತಿದ್ದಾರೆ. ಬಿಟ್‌ಕಾಯಿನ್‌ಗೆ ಯಜಮಾನರೇ ಇಲ್ಲ, ಮೋಸ ಮಾಡಲು ಆಗುವುದಿಲ್ಲ, 2 ಕೋಟಿ 10 ಲಕ್ಷಕ್ಕಿಂತ ಜಾಸ್ತಿ ತಯಾರಾಗುವುದೇ ಇಲ್ಲವಾದ್ದರಿಂದ ಬೆಲೆ ಏರಲೇಬೇಕು ಎಂದು ಓದಿದ್ದೇನೆ. ಉಳಿತಾಯದಲ್ಲಿ ಅರ್ಧವನ್ನು ಅದಕ್ಕೆ ಹಾಕಿಬಿಡಲೇ ಅನ್ನಿಸುತ್ತಿದೆ. ಇಷ್ಟು ಜನ ಬಳಸುತ್ತಿರುವಾಗ ನಾನೊಬ್ಬಳೇ ಹೆದರುತ್ತಿದ್ದೇನಾ? ನನ್ನ ಅಕ್ಕನ ಮಗ ಆಗಲೇ ಒಂದು ಕ್ರಿಪ್ಟೊ ಆ್ಯಪ್‌ನಲ್ಲಿ ಹಣ ಹಾಕಿದ್ದಾನೆ. ಆರು ತಿಂಗಳಲ್ಲಿ ಮೂರು ಪಟ್ಟಾಗಿದೆ. ಅದನ್ನು ತೆಗೆಯುವ ಮೊದಲು ತೆರಿಗೆ ಕಟ್ಟಬೇಕಂತೆ, ಅದಕ್ಕಾಗಿ ನನ್ನ ಹತ್ತಿರ ಸಾಲ ಕೇಳಿದ್ದಾನೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆ ಒಂದು ವಾರ ಯೋಚಿಸಬಹುದು, ಇದಕ್ಕೆ ಆಗುವುದಿಲ್ಲ. ಅಕ್ಕನ ಮಗನಿಗೆ ಆ ಹಣ ಕೊಡಬೇಡಿ. ಅವನೂ ಬೇರೆ ಕಡೆಯಿಂದ ಸಾಲ ತಂದು ಕಟ್ಟದ ಹಾಗೆ ಇವತ್ತೇ ಮಾತಾಡಿ.

ನೀವು ಬರೆದಷ್ಟನ್ನು ನೋಡಿದರೆ ಅವನು ಮೋಸದ ಬಲೆಯಲ್ಲಿದ್ದಾನೆ. ಈ ಮೋಸ ನಡೆಯುವ ರೀತಿ ಎಲ್ಲ ಕಡೆಯೂ ಒಂದೇ. ಆನ್‌ಲೈನಿನಲ್ಲಿ ಯಾರೋ ಸ್ನೇಹ ಬೆಳೆಸುತ್ತಾರೆ, ಇಲ್ಲವೇ ಯಾವುದೋ ಗುಂಪಿಗೆ ಸೇರಿಸುತ್ತಾರೆ. ಒಂದು ಆ್ಯಪ್ ಹಾಕಿಸುತ್ತಾರೆ. ಮೊದಲು ಸಣ್ಣ ಮೊತ್ತ ಹಾಕಿಸಿ, ಲಾಭದ ಜೊತೆ ಅದನ್ನು ವಾಪಸು ತೆಗೆಯಲು ಬಿಡುತ್ತಾರೆ. ನಂಬಿಕೆ ಹುಟ್ಟುವುದು ಅಲ್ಲೇ. ಆಮೇಲೆ ದೊಡ್ಡ ಮೊತ್ತ ಹೋಗುತ್ತದೆ. ಪರದೆಯ ಮೇಲೆ ಅಂಕಿ ದಿನದಿನವೂ ಏರುತ್ತದೆ, ಆದರೆ ಆ ಅಂಕಿಯ ಹಿಂದೆ ಬಿಟ್‌ಕಾಯಿನ್ ಇಲ್ಲ, ಏನೂ ಇಲ್ಲ. ಅದು ಮೋಸಗಾರರೇ ಬರೆದ ಚಿತ್ರ. ತೆಗೆಯಲು ಹೋದಾಗ ತೆರಿಗೆ ಕಟ್ಟಿ, ಠೇವಣಿ ಇಡಿ, ಖಾತೆ ಪರಿಶೀಲನೆಯ ಶುಲ್ಕ ಕೊಡಿ ಎನ್ನುತ್ತಾರೆ. ಒಂದು ಕಟ್ಟಿದರೆ ಇನ್ನೊಂದು ಹುಟ್ಟುತ್ತದೆ.

ನಿಮ್ಮದೇ ಹಣವನ್ನು ನೀವು ತೆಗೆಯುವಾಗ ಹೊರಗಿನಿಂದ ಹೊಸ ಹಣ ತಂದು ಹಾಕಿ ಎಂದು ಸರಿಯಾದ ಯಾವ ಸಂಸ್ಥೆಯೂ ಕೇಳುವುದಿಲ್ಲ. ಶುಲ್ಕ ಇದ್ದರೆ ಇರುವ ಹಣದಲ್ಲೇ ಮುರಿದುಕೊಳ್ಳುತ್ತಾರೆ. ತೆರಿಗೆ ಇದ್ದರೆ ಒಂದೋ ಅದನ್ನೂ ಮುರಿದುಕೊಳ್ಳುತ್ತಾರೆ, ಇಲ್ಲವೇ ನೀವೇ ಸರ್ಕಾರಕ್ಕೆ ಕಟ್ಟುತ್ತೀರಿ. ಈ ಒಂದು ಮಾತನ್ನು ಅವನಿಗೆ ಹೇಳಿ. "ನನ್ನ ಲಾಭದಲ್ಲೇ ತೆರಿಗೆ ಮುರಿದುಕೊಂಡು ಉಳಿದದ್ದು ಕೊಡಿ" ಎಂದು ಅವರಿಗೆ ಬರೆಯಲು ಹೇಳಿ. ಬರುವ ಉತ್ತರದಲ್ಲೇ ಅವನಿಗೆ ಗೊತ್ತಾಗುತ್ತದೆ.

ಇನ್ನೂ ಒಂದು ವಿಷಯ. ಹೀಗೆ ಹಣ ಕಳೆದುಕೊಂಡವರನ್ನು ಹುಡುಕಿಕೊಂಡು ಎರಡನೇ ಗುಂಪು ಬರುತ್ತದೆ. ಹೋದ ಹಣ ವಾಪಸು ತಂದುಕೊಡುತ್ತೇವೆ, ಮೊದಲು ಇಷ್ಟು ಕೊಡಿ ಎನ್ನುತ್ತದೆ. ಎಷ್ಟೋ ಸಲ ಅದೂ ಮೊದಲಿನವರದೇ ಕೈವಾಡ. ಅವನು ಎಲ್ಲ ಸಂದೇಶ, ಕ್ರಿಪ್ಟೊ ಇಡುವ ಖಾತೆಯಂಥ ವಾಲೆಟ್‌ನ ವಿಳಾಸ, ಹಣ ಕಳಿಸಿದ ದಾಖಲೆ ಉಳಿಸಿಕೊಂಡು ಬೇಗ ಸೈಬರ್ ಅಪರಾಧದ ಪೊಲೀಸರಿಗೂ ತನ್ನ ಬ್ಯಾಂಕಿಗೂ ದೂರು ಕೊಡಲಿ. ದಯವಿಟ್ಟು ಬೈಯಬೇಡಿ. ನನ್ನ ಹತ್ತಿರ ಬಂದ ಇಂಥವರಲ್ಲಿ ಇಂಜಿನಿಯರುಗಳಿದ್ದರು, ಲೆಕ್ಕಪರಿಶೋಧಕರೂ ಇದ್ದರು. ನಾಚಿಕೆಗೆ ಹೆದರಿ ಬಾಯಿ ಮುಚ್ಚಿಕೊಂಡವರೇ ಎರಡನೇ ಸಲವೂ ಕಳೆದುಕೊಂಡರು.

ಈಗ ನಿಮ್ಮ ವಿಷಯಕ್ಕೆ ಬರೋಣ.

ಬ್ಯಾಂಕಿನ ಮೇಲೆ ನಂಬಿಕೆ ಹೋಗಿದೆ ಅಂದಿರಿ. ನಾನು ಇಪ್ಪತ್ತು ವರ್ಷದಿಂದ ಕುಟುಂಬಗಳಿಗೆ ಹಣಕಾಸಿನ ಸಲಹೆ ಕೊಡುತ್ತಿದ್ದೇನೆ. ಈ ಮಾತನ್ನು ಕೇಳಿದಾಗ ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಅಪನಂಬಿಕೆಗೆ ಕಾರಣಗಳಿವೆ. 2008ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿದಾಗ ತಪ್ಪು ಮಾಡಿದ ಬ್ಯಾಂಕುಗಳನ್ನು ಸರ್ಕಾರಗಳು ಜನರ ತೆರಿಗೆ ಹಣದಿಂದ ಎತ್ತಿ ನಿಲ್ಲಿಸಿದವು. ಮನೆ ಕಳೆದುಕೊಂಡವರನ್ನು ಯಾರೂ ಹಾಗೆ ಎತ್ತಲಿಲ್ಲ. ಜಗತ್ತಿನ ಸಾಲಗಳ ಬಡ್ಡಿಗೆ ಆಧಾರವಾಗಿದ್ದ ಲೈಬರ್ ದರವನ್ನು ದೊಡ್ಡ ಬ್ಯಾಂಕುಗಳೇ ತಿರುಚಿದ್ದವು. ಅದಕ್ಕೆ 2012ರಿಂದ ಭಾರಿ ದಂಡ ಬಿತ್ತು. 2013ರಲ್ಲಿ ಸೈಪ್ರಸ್‌ನಲ್ಲಿ ಬ್ಯಾಂಕುಗಳು ಹೆಚ್ಚುಕಡಿಮೆ ಎರಡು ವಾರ ಬಾಗಿಲು ಹಾಕಿದವು. ಕೊನೆಗೆ ಬ್ಯಾಂಕ್ ಆಫ್ ಸೈಪ್ರಸ್‌ನಲ್ಲಿ ಒಂದು ಲಕ್ಷ ಯೂರೊಗಿಂತ ಮೇಲಿದ್ದ ಠೇವಣಿಯಲ್ಲಿ ಶೇಕಡ 47.5ರಷ್ಟನ್ನು ಬ್ಯಾಂಕಿನ ಶೇರುಗಳಾಗಿ ಬದಲಾಯಿಸಿದರು. ನಿಮ್ಮ ಅನುಭವಕ್ಕೆ ತುಂಬಾ ಹತ್ತಿರದ್ದು ಅಮೆರಿಕದ ವೆಲ್ಸ್ ಫಾರ್ಗೊ ಕಥೆ. ಮಾರಾಟದ ಗುರಿ ಮುಟ್ಟಲು ಅದರ ನೌಕರರು ಗ್ರಾಹಕರಿಗೆ ಗೊತ್ತೇ ಇಲ್ಲದ ಲಕ್ಷಾಂತರ ಖಾತೆ ತೆರೆದಿದ್ದರು. 2016ರಲ್ಲಿ ಆ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು.

ಬಿಟ್‌ಕಾಯಿನ್ ಹುಟ್ಟಿದ್ದೂ ಇದೇ ಸಿಟ್ಟಿನಲ್ಲಿ. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಯಾರೋ ಅದರ ವಿವರಣೆಯನ್ನು 2008ರ ಅಕ್ಟೋಬರ್ 31ರಂದು ಹೊರಗಿಟ್ಟರು. 2009ರ ಜನವರಿ 3ರಂದು ಮೊದಲ ಬ್ಲಾಕ್, ಅಂದರೆ ಅದರ ಲೆಕ್ಕದ ಪುಸ್ತಕದ ಮೊದಲ ಪುಟ ತಯಾರಾಯಿತು. ಅದರೊಳಗೆ ಅವತ್ತಿನ ಲಂಡನ್ನಿನ ಟೈಮ್ಸ್ ಪತ್ರಿಕೆಯ ಒಂದು ತಲೆಬರಹ ಸೇರಿಸಿದ್ದಾರೆ. ಬ್ಯಾಂಕುಗಳಿಗೆ ಎರಡನೇ ಸಲ ಸರ್ಕಾರಿ ನೆರವು ಕೊಡುವ ಹಂತದಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಇದ್ದಾರೆ ಎಂಬ ಸುದ್ದಿ ಅದು. ಆ ಬ್ಲಾಕ್ ಇವತ್ತಿಗೂ ಹಾಗೇ ಇದೆ.

ಅಂದರೆ ನಿಮ್ಮ ಸಿಟ್ಟು ಮತ್ತು ಬಿಟ್‌ಕಾಯಿನ್ ಒಂದೇ ಊರಿನವು. ಅದಕ್ಕೇ ಅದು ನಿಮ್ಮನ್ನು ಇಷ್ಟು ಸೆಳೆಯುತ್ತಿದೆ. ಮನುಷ್ಯರಿಂದ ಮೋಸ ಹೋದವರಿಗೆ ಮನುಷ್ಯರೇ ಇಲ್ಲದ ವ್ಯವಸ್ಥೆ ಬೇಕು ಅನ್ನಿಸುವುದು ಸಹಜ. ಆದರೆ ಒಂದು ಕಡೆ ನಂಬಿಕೆ ಹೋಯಿತು ಅಂದ ಮಾತ್ರಕ್ಕೆ ಇನ್ನೊಂದು ಕಡೆ ನಂಬಿಕೆಗೆ ಅರ್ಹವಾಗುವುದಿಲ್ಲ ಅಲ್ವಾ? ನೀವು ಎರಡನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಬೇಕು. ಪರೀಕ್ಷೆ ಅಂದರೆ ಇಷ್ಟೇ. ಈಗ ನನ್ನ ಹಣ ಯಾರ ಕೈಯಲ್ಲಿದೆ? ಅವರು ತಪ್ಪು ಮಾಡಿದರೆ ನನಗೆ ಉಳಿಯುವ ದಾರಿ ಯಾವುದು?

ಬಿಟ್‌ಕಾಯಿನ್ ಅಂದರೆ ಎಲ್ಲರೂ ಒಟ್ಟಿಗೆ ಇಟ್ಟುಕೊಂಡಿರುವ ಒಂದು ಲೆಕ್ಕದ ಪುಸ್ತಕ. ಸಾವಿರಾರು ಕಂಪ್ಯೂಟರುಗಳಲ್ಲಿ ಅದೇ ಪುಸ್ತಕದ ಪ್ರತಿ ಇದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಹೊಸ ಪುಟ ಸೇರುತ್ತದೆ. ಹಳೆಯ ಪುಟ ತಿದ್ದಲು ಒಬ್ಬರಿಂದ ಆಗುವುದಿಲ್ಲ. ಇದು ನಿಜ, ಮತ್ತು ಇದು ದೊಡ್ಡ ಸಾಧನೆ. ಆ ಮುಖ್ಯ ಪುಸ್ತಕವನ್ನು ಇಷ್ಟು ವರ್ಷದಲ್ಲಿ ಯಾರೂ ಒಡೆದು ಹಣ ಕದ್ದಿಲ್ಲ. "ಮೋಸ ಮಾಡಲು ಆಗುವುದಿಲ್ಲ" ಎಂದು ನೀವು ಓದಿದ್ದು ಈ ಪುಸ್ತಕದ ಮಟ್ಟಿಗೆ ಸರಿ.

ಆದರೆ ಜನ ಆ ಪುಸ್ತಕದ ಹತ್ತಿರ ಹೋಗುವುದೇ ಇಲ್ಲ. ಹೆಚ್ಚಿನವರು ಕ್ರಿಪ್ಟೊ ಕೊಂಡು ಮಾರಲು ಇರುವ ಎಕ್ಸ್‌ಚೇಂಜ್ ಎಂಬ ಕಂಪನಿಯಲ್ಲಿ ಖಾತೆ ತೆರೆದು, ಕೊಂಡಿದ್ದನ್ನು ಅಲ್ಲೇ ಬಿಡುತ್ತಾರೆ. ಆಗ ನಾಣ್ಯ ಇರುವುದು ಆ ಕಂಪನಿಯ ಕೈಯಲ್ಲಿ. ನಿಮ್ಮ ಹತ್ತಿರ ಇರುವುದು ಕಂಪನಿಯ ಮಾತು ಮಾತ್ರ. ಟೋಕಿಯೊದ ಮೌಂಟ್ ಗಾಕ್ಸ್ ಒಂದು ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ಬಿಟ್‌ಕಾಯಿನ್ ಎಕ್ಸ್‌ಚೇಂಜ್. 2014ರ ಫೆಬ್ರವರಿಯಲ್ಲಿ ಅದು ಮುಳುಗಿತು. ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದೆ ಎಂದಿತು, ಆಮೇಲೆ 2 ಲಕ್ಷದಷ್ಟು ಸಿಕ್ಕಿತು. ಗ್ರಾಹಕರಿಗೆ ಬಿಟ್‌ಕಾಯಿನ್ ರೂಪದಲ್ಲಿ ವಾಪಸು ಸಿಗಲು ಶುರುವಾಗಿದ್ದು 2024ರಲ್ಲಿ. ಹತ್ತು ವರ್ಷ ಕಾದರು.

2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್ ಬಿತ್ತು. ಗ್ರಾಹಕರ ಹಣದಲ್ಲಿ ಸುಮಾರು 800 ಕೋಟಿ ಡಾಲರ್ ಕೊರತೆ. ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್‌ಗೆ 2024ರಲ್ಲಿ 25 ವರ್ಷ ಜೈಲು ಶಿಕ್ಷೆಯಾಯಿತು. ಗ್ರಾಹಕರ ಹಣವನ್ನು ತನ್ನದೇ ಇನ್ನೊಂದು ಕಂಪನಿಗೆ ಹರಿಸಿ ಜೂಜಾಡಿದ್ದು ಅಲ್ಲಿ ನಡೆದ ಅಪರಾಧ. ಬ್ಲಾಕ್‌ಚೈನ್ ಎನ್ನುವ ಆ ಲೆಕ್ಕದ ಪುಸ್ತಕ ಒಡೆದಿರಲಿಲ್ಲ, ಗಣಿತ ಸೋತಿರಲಿಲ್ಲ. ತೀರಾ ಹಳೆಯ ಕಾಲದ ಕಳ್ಳತನ ಅದು. ಗ್ರಾಹಕರಿಗೆ ಆಮೇಲೆ ಹಣ ಸಿಗುತ್ತಾ ಬಂತು, ಆದರೆ ಬಿಟ್‌ಕಾಯಿನ್ 16,000–17,000 ಡಾಲರ್ ಇದ್ದ ಆ ದಿನದ ಬೆಲೆಯ ಲೆಕ್ಕದಲ್ಲಿ. ಆಮೇಲಿನ ಏರಿಕೆ ಅವರ ಪಾಲಿಗೆ ಬರಲಿಲ್ಲ.

ಬ್ಯಾಂಕು ಬೇಡ ಎಂದು ಹೊರಟವರು ಎಕ್ಸ್‌ಚೇಂಜಿಗೆ ಬಂದರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಆಗಬಹುದು. ಹಲವು ದೇಶಗಳಲ್ಲಿ ಬ್ಯಾಂಕ್ ಮುಳುಗಿದರೆ ಒಂದು ಮಿತಿಯವರೆಗೆ ಠೇವಣಿ ವಿಮೆ ಇರುತ್ತದೆ. ಸೈಪ್ರಸ್‌ನಲ್ಲಿ ಕೂಡ ಒಂದು ಲಕ್ಷ ಯೂರೊ ಒಳಗಿನ ಠೇವಣಿ ಉಳಿಯಿತು. ಎಕ್ಸ್‌ಚೇಂಜಿನಲ್ಲಿಟ್ಟ ಕ್ರಿಪ್ಟೊಗೆ ಆ ವಿಮೆ ಇಲ್ಲ.

ನೀವೇ ಇಟ್ಟುಕೊಳ್ಳಬಹುದಲ್ಲ ಎಂದರೆ, ಹೌದು, ಇಟ್ಟುಕೊಳ್ಳಬಹುದು. ನಿಮ್ಮದೇ ವಾಲೆಟ್, ನಿಮ್ಮದೇ ಪ್ರೈವೇಟ್ ಕೀ, ಅಂದರೆ ಅದರಲ್ಲಿರುವುದನ್ನು ಸಾಗಿಸಲು ಬೇಕಾದ ಗುಟ್ಟಿನ ಸಂಕೇತ. ಅದನ್ನು ಮರಳಿ ಪಡೆಯಲು 12 ಅಥವಾ 24 ಪದಗಳ ಒಂದು ಸಾಲು ಕೊಡುತ್ತಾರೆ, ಸೀಡ್ ಫ್ರೇಸ್ ಎನ್ನುತ್ತಾರೆ. ಆಗ ನೀವು ಯಾರನ್ನೂ ನಂಬಬೇಕಾಗಿಲ್ಲ, ನಿಮ್ಮನ್ನೇ ನಂಬಬೇಕು. ನಿಮ್ಮ ನೆನಪು, ನಿಮ್ಮ ಎಚ್ಚರ, ನಿಮ್ಮ ಆರೋಗ್ಯ. ಒಂದು ಕುಟುಂಬ ನನ್ನ ಹತ್ತಿರ ಬಂದಿತ್ತು. ಯಜಮಾನರು ಇದ್ದಕ್ಕಿದ್ದಂತೆ ತೀರಿಕೊಂಡಿದ್ದರು. ವಾಲೆಟ್ ಇದೆ, ಅದರಲ್ಲಿ ಎಷ್ಟಿದೆ ಎಂಬುದೂ ಪುಸ್ತಕದಲ್ಲಿ ಕಾಣುತ್ತದೆ. ಆ ಪದಗಳು ಮಾತ್ರ ಎಲ್ಲಿಯೂ ಇರಲಿಲ್ಲ. ಹೆಂಡತಿ ನನ್ನ ಮುಂದೆ ಕೂತು ಆ ಅಂಕಿಯನ್ನೇ ನೋಡುತ್ತಿದ್ದರು. ಬ್ಯಾಂಕಾದರೆ ಮರಣ ಪತ್ರ ಕೊಟ್ಟು, ಒಂದಷ್ಟು ಅಲೆದು, ಕೊನೆಗೆ ಹಣ ಪಡೆಯಬಹುದಿತ್ತು. ಇಲ್ಲಿ ಅಲೆಯಲು ಕೌಂಟರೇ ಇಲ್ಲ. ನನಗೆ ಆ ದಿನ ಇನ್ನೂ ಮರೆತಿಲ್ಲ.

ಇಷ್ಟು ಜನ ಬಳಸುತ್ತಿದ್ದಾರಲ್ಲ ಅಂದಿರಿ. ಬಳಸುವುದು ಅಂದರೇನು ಎಂದು ಸ್ವಲ್ಪ ಬಿಡಿಸಿ ನೋಡೋಣ. ಏಕೆಂದರೆ ಕೊಂಡು ಇಟ್ಟುಕೊಳ್ಳುವುದು ಬೇರೆ, ದಿನನಿತ್ಯ ಕೊಡುಕೊಳ್ಳಲು ಬಳಸುವುದು ಬೇರೆ.

ದಿನನಿತ್ಯದ ಬಳಕೆಗೆ ಅತಿ ದೊಡ್ಡ ಪರೀಕ್ಷೆ ನಡೆದದ್ದು ಎಲ್ ಸಾಲ್ವಡಾರ್‌ನಲ್ಲಿ. 2021ರ ಸೆಪ್ಟೆಂಬರ್ 7ರಂದು ಅದು ಬಿಟ್‌ಕಾಯಿನ್‌ಗೆ ಅಧಿಕೃತ ಹಣದ ಸ್ಥಾನ ಕೊಟ್ಟ ಮೊದಲ ದೇಶವಾಯಿತು. ಸರ್ಕಾರವೇ ಚೀವೊ ಎಂಬ ವಾಲೆಟ್ ಆ್ಯಪ್ ತಂದಿತು. ಅದನ್ನು ಹಾಕಿಕೊಂಡವರಿಗೆ 30 ಡಾಲರ್ ಉಚಿತ. ಎಷ್ಟೋ ಜನ 30 ಡಾಲರ್ ಖರ್ಚು ಮಾಡಿ, ಆ್ಯಪ್ ಮತ್ತೆ ತೆರೆಯಲಿಲ್ಲ. ವಿದೇಶದಲ್ಲಿರುವವರು ಮನೆಗೆ ಕಳಿಸುವ ಹಣ ಆ ದೇಶಕ್ಕೆ ದೊಡ್ಡ ಆಧಾರ. ಅದರಲ್ಲಿ ಕ್ರಿಪ್ಟೊ ಮೂಲಕ ಬಂದದ್ದು ತೀರಾ ಸಣ್ಣ ಪಾಲು. ಕೊನೆಗೆ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಜೊತೆ 140 ಕೋಟಿ ಡಾಲರ್ ಸಾಲದ ಒಪ್ಪಂದ ಮಾಡಿಕೊಂಡು, 2025ರ ಜನವರಿಯಲ್ಲಿ ಕಾನೂನನ್ನೇ ತಿದ್ದಿದರು. ಈಗ ಬಿಟ್‌ಕಾಯಿನ್ ತೆಗೆದುಕೊಳ್ಳಲೇಬೇಕು ಎಂಬ ಒತ್ತಾಯ ಅಲ್ಲಿಲ್ಲ.

ಯಾಕೆ ಹೀಗಾಯಿತು? ಜನರಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ಅವರ ಕೈಯಲ್ಲಿ ಆಗಲೇ ಡಾಲರ್ ಇತ್ತು, 2001ರಿಂದ ಅದೇ ಅಲ್ಲಿನ ಹಣ. ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಇಲ್ಲದ ಹಣದಲ್ಲಿ ಸಂಬಳ ಪಡೆಯಲು, ಬಾಡಿಗೆ ಕಟ್ಟಲು ಯಾರಿಗೆ ಇಷ್ಟ ಆಗುತ್ತದೆ? ಬಿಟ್‌ಕಾಯಿನ್‌ನ ಮುಖ್ಯ ಪುಸ್ತಕದಲ್ಲಿ ಸೆಕೆಂಡಿಗೆ ಏಳರಷ್ಟು ವಹಿವಾಟು ಮಾತ್ರ ಹಿಡಿಸುತ್ತದೆ. ಜನ ಮುಗಿಬಿದ್ದಾಗ ಶುಲ್ಕ ಏರುತ್ತದೆ. 2017ರ ಡಿಸೆಂಬರಿನಲ್ಲಿ ಒಂದು ವಹಿವಾಟಿನ ಸರಾಸರಿ ಶುಲ್ಕವೇ 50 ಡಾಲರ್ ದಾಟಿತ್ತು. ಇದಕ್ಕೆ ಪರಿಹಾರವಾಗಿ, ಮುಖ್ಯ ಪುಸ್ತಕದ ಹೊರಗೆ ಸಣ್ಣ ವಹಿವಾಟು ನಡೆಸುವ ಲೈಟ್ನಿಂಗ್ ನೆಟ್‌ವರ್ಕ್ ಬಂದಿದೆ, ಅದು ಬೇಗ, ಅಗ್ಗ. ಆದರೂ ಇನ್ನೊಂದು ತೊಡಕು ಹಾಗೇ ಉಳಿಯುತ್ತದೆ. ನಾಳೆ ಬೆಲೆ ಏರುತ್ತದೆ ಎಂದು ನಂಬಿದವರು ಅದನ್ನು ಇವತ್ತು ಖರ್ಚು ಮಾಡುವುದಿಲ್ಲ. ಇಳಿಯುತ್ತದೆ ಎಂದು ಹೆದರುವವರು ಅದನ್ನು ತೆಗೆದುಕೊಳ್ಳುವುದಿಲ್ಲ. ಮಧ್ಯೆ ಕೊಡುಕೊಳ್ಳುವುದು ಹೇಗೆ?

ಹಾಗಂತ ಕ್ರಿಪ್ಟೊ ಎಲ್ಲ ಬರೀ ಮೋಸ ಎನ್ನುವುದೂ ಸುಳ್ಳೇ. ಅರ್ಜೆಂಟಿನಾ, ವೆನೆಜುವೆಲಾ, ಟರ್ಕಿ, ನೈಜೀರಿಯಾದಲ್ಲಿ ದಿನದ ಹಣದ ಬೆಲೆಯೇ ಕರಗಿದಾಗ ಜನ ಡಾಲರಿಗೆ ಕಟ್ಟಿದ ಸ್ಟೇಬಲ್‌ಕಾಯಿನ್ ಹಿಡಿದುಕೊಂಡರು. ಅರ್ಜೆಂಟಿನಾದವರಿಗೆ 2001ರ ನೆನಪಿದೆ. ಆಗ ಬ್ಯಾಂಕಿನಿಂದ ವಾರಕ್ಕೆ 250 ಪೆಸೊ ಮಾತ್ರ ತೆಗೆಯಬಹುದಿತ್ತು. ಅಂಥ ಕಡೆ ಇದು ಆಟವಲ್ಲ, ಸಂಸಾರ ಉಳಿಸಿಕೊಳ್ಳುವ ದಾರಿ. ದೇಶದಿಂದ ದೇಶಕ್ಕೆ ಸಣ್ಣ ಮೊತ್ತ ಕಳಿಸುವುದಕ್ಕೆ ಜಗತ್ತಿನಲ್ಲಿ ಸರಾಸರಿ ನೂರಕ್ಕೆ ಆರಕ್ಕಿಂತ ಜಾಸ್ತಿ ಶುಲ್ಕ ಹೋಗುತ್ತದೆ ಎಂದು ವಿಶ್ವಬ್ಯಾಂಕಿನ ಲೆಕ್ಕವೇ ಹೇಳುತ್ತದೆ. ಅದು ದುಬಾರಿ. ನಿಮ್ಮ ಕ್ಲೈಂಟ್ ಹೇಳಿದ್ದರಲ್ಲಿ ತಿರುಳಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು "ಬೆಲೆ ಏರಲೇಬೇಕು" ಎಂಬುದನ್ನು ನೋಡೋಣ. 2 ಕೋಟಿ 10 ಲಕ್ಷದ ಮಿತಿ ನಿಜ. ಆದರೆ ಕಡಿಮೆ ಇರುವುದಕ್ಕೆಲ್ಲ ಬೆಲೆ ಬರುವುದಿಲ್ಲ. ಬೇಕು ಅನ್ನುವವರೂ ಇರಬೇಕು. ಒಂದು ಕಂಪನಿಯ ಶೇರಿನ ಹಿಂದೆ ಆ ಕಂಪನಿಯ ದುಡಿಮೆ ಇದೆ, ಸಾಲಪತ್ರದ ಹಿಂದೆ ಬಡ್ಡಿ ಇದೆ, ಮನೆಯ ಹಿಂದೆ ಬಾಡಿಗೆ ಇದೆ. ಬಿಟ್‌ಕಾಯಿನ್ ಏನನ್ನೂ ದುಡಿಯುವುದಿಲ್ಲ. ನೀವು ಕೊಟ್ಟದ್ದಕ್ಕಿಂತ ಜಾಸ್ತಿ ಕೊಡುವ ಇನ್ನೊಬ್ಬರು ನಾಳೆ ಬಂದರೆ ಮಾತ್ರ ನಿಮಗೆ ಲಾಭ. ಇಲ್ಲಿಯವರೆಗೆ ಅಂಥವರು ಬಂದಿದ್ದಾರೆ. 2024ರ ಡಿಸೆಂಬರಿನಲ್ಲಿ ಅದರ ಬೆಲೆ ಒಂದು ಲಕ್ಷ ಡಾಲರ್ ದಾಟಿತು. ಆದರೆ ಅದರ ಹಿಂದಿನ ಏರಿಳಿತವನ್ನೂ ನೋಡಿ. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರ್, ಒಂದೇ ವರ್ಷದಲ್ಲಿ 16,000ಕ್ಕೂ ಕೆಳಗೆ. 2017ರ ಕೊನೆಯಲ್ಲಿ 20,000ದ ಹತ್ತಿರ, ಒಂದು ವರ್ಷದಲ್ಲಿ 3,200ರ ಆಸುಪಾಸು.

ಮಾರುಕಟ್ಟೆಗೂ ಅದಕ್ಕೂ ಸಂಬಂಧವಿಲ್ಲ, ಮಾರುಕಟ್ಟೆ ಬಿದ್ದಾಗ ಅದು ಕಾಪಾಡುತ್ತದೆ ಎಂಬ ನಂಬಿಕೆಯೂ ಇದೆ. 2020ರ ಮಾರ್ಚಿನಲ್ಲಿ ಜಗತ್ತಿನ ಶೇರುಗಳು ಕುಸಿದಾಗ ಬಿಟ್‌ಕಾಯಿನ್ ಒಂದೆರಡು ದಿನದಲ್ಲಿ ಅರ್ಧದಷ್ಟು ಬಿತ್ತು. 2022ರಲ್ಲಿ ಬೆಲೆ ಏರಿಕೆಯಿಂದ ಜಗತ್ತು ಒದ್ದಾಡಿದಾಗ ಅದೂ ಶೇರುಗಳ ಜೊತೆಗೇ ಇಳಿಯಿತು. ಕಷ್ಟ ಬಂದಾಗ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಮಾರುತ್ತಾರೆ, ಅದನ್ನೂ ಮಾರುತ್ತಾರೆ.

95 ದೇಶಗಳಲ್ಲಿ 2015ರಿಂದ 2022ರವರೆಗೆ ಕ್ರಿಪ್ಟೊ ಆ್ಯಪ್‌ಗಳ ಬಳಕೆ ನೋಡಿ ಬಿಐಎಸ್ ಒಂದು ಅಧ್ಯಯನ ಮಾಡಿದೆ. ಇದು ಕೇಂದ್ರೀಯ ಬ್ಯಾಂಕುಗಳ ಸಂಸ್ಥೆ, ಹಾಗಾಗಿ ಅದಕ್ಕೂ ಒಂದು ಒಲವು ಇರಬಹುದು ಎಂದು ನೀವು ಅನುಮಾನಿಸಿದರೆ ತಪ್ಪಲ್ಲ. ಅದರ ಅಂದಾಜಿನಲ್ಲಿ ಬಿಟ್‌ಕಾಯಿನ್ ಕೊಂಡ ಸಾಮಾನ್ಯ ಜನರಲ್ಲಿ ಸುಮಾರು ನಾಲ್ಕರಲ್ಲಿ ಮೂವರು ನಷ್ಟದಲ್ಲಿದ್ದರು. ಕಾರಣ ನನ್ನ ಅನುಭವಕ್ಕೂ ಹೊಂದುತ್ತದೆ. ಬೆಲೆ ಏರಿ ಎಲ್ಲರೂ ಅದರ ಬಗ್ಗೆಯೇ ಮಾತಾಡುವಾಗ ಜನ ಒಳಗೆ ಬರುತ್ತಾರೆ. ನೀವೂ ಈಗ ಬರಬೇಕು ಎಂದುಕೊಂಡಿದ್ದು ಸುತ್ತ ಎಲ್ಲರೂ ಬಂದಿರುವುದನ್ನು ನೋಡಿದ ಮೇಲೆಯೇ ಅಲ್ವಾ?

ಈಗ ಅರ್ಧ ಉಳಿತಾಯದ ಲೆಕ್ಕ ಹಾಕಿ. ನಿಮ್ಮ ಉಳಿತಾಯ ನೂರು ಅನ್ನಿ. ಐವತ್ತು ಹಾಕಿದಿರಿ. ಮೊದಲು ಎರಡು ಸಲ ಆದಂತೆ ಮುಕ್ಕಾಲು ಭಾಗ ಇಳಿಯಿತು. ಐವತ್ತರಲ್ಲಿ ಹನ್ನೆರಡೂವರೆ ಉಳಿಯಿತು, ಒಟ್ಟು ಅರವತ್ತೆರಡೂವರೆ. ಹಿಂದಿನ ಯೋಜನೆಯಲ್ಲಿ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಇದು. ಅಸಲು ಮತ್ತೆ ಬರಬೇಕಾದರೆ ಬೆಲೆ ನಾಲ್ಕು ಪಟ್ಟಾಗಬೇಕು. ಅಷ್ಟರಲ್ಲಿ ಒಂದು ಆಸ್ಪತ್ರೆಯ ಖರ್ಚು ಬಂತು ಅನ್ನಿ, ತಳದಲ್ಲೇ ಮಾರಬೇಕು. ಅದೇ ನೂರರಲ್ಲಿ ಮೂರು ಹಾಕಿದ್ದರೆ ಎರಡು ಕಾಲು ಹೋಗುತ್ತಿತ್ತು. ಬೇಜಾರಾಗುತ್ತದೆ, ಬದುಕು ಅಲುಗುವುದಿಲ್ಲ.

ಹಾಗಾಗಿ ಅರ್ಧ ಹಾಕುವುದು ಬೇಡ. ಇದನ್ನು ನಾನು ಸುತ್ತಿಬಳಸದೆ ಹೇಳುತ್ತೇನೆ. ಏನೂ ಹಾಕದೇ ಇರುವುದೂ ಒಂದು ಒಳ್ಳೆಯ ಆಯ್ಕೆ. ಅದರಿಂದ ನೀವು ಹಿಂದೆ ಬಿದ್ದಂತೆ ಆಗುವುದಿಲ್ಲ. ಹಾಕಲೇಬೇಕು ಅನ್ನಿಸಿದರೆ, ಕೈತುರ್ತಿಗೆ ಆರು ತಿಂಗಳ ಖರ್ಚು ಬೇರೆ ಎತ್ತಿಟ್ಟು, ಸಾಲಗಳು ತೀರಿದ ಮೇಲೆ, ಪೂರ್ತಿ ಹೋದರೂ ನಿದ್ದೆ ಕೆಡದಷ್ಟು ಹಾಕಿ. ನೂರಕ್ಕೆ ಎರಡು ಮೂರು. ಒಂದೇ ಸಲ ಬೇಡ, ತಿಂಗಳು ತಿಂಗಳು ಸ್ವಲ್ಪ. ನಿಮ್ಮ ದೇಶದಲ್ಲಿ ನೋಂದಣಿ ಆಗಿರುವ ಎಕ್ಸ್‌ಚೇಂಜ್ ಮಾತ್ರ. ಕೆಲವು ದೇಶಗಳಲ್ಲಿ ಶೇರು ಮಾರುಕಟ್ಟೆಯಲ್ಲೇ ಬಿಟ್‌ಕಾಯಿನ್ ಇಟಿಎಫ್, ಅಂದರೆ ಶೇರಿನಂತೆ ಕೊಂಡು ಮಾರಬಹುದಾದ ಫಂಡು ಸಿಗುತ್ತದೆ. ಬಿಟ್‌ಕಾಯಿನ್ನನ್ನೇ ನೇರವಾಗಿ ಇಟ್ಟುಕೊಳ್ಳುವ ಇಟಿಎಫ್ ಅಮೆರಿಕದಲ್ಲಿ 2024ರ ಜನವರಿಯಿಂದ ಇದೆ. ಕೀ ಕಾಯುವ ತಲೆನೋವು ಇಲ್ಲ, ಆದರೆ ನೀವು ಯಾರಿಂದ ಓಡಿಬಂದಿರೋ ಅದೇ ಮಾರುಕಟ್ಟೆಯೊಳಗೆ ಮತ್ತೆ ಬಂದಿರುತ್ತೀರಿ. ಸ್ವಂತ ವಾಲೆಟ್ ಆದರೆ ಸೀಡ್ ಫ್ರೇಸನ್ನು ಕಾಗದದ ಮೇಲೆ ಬರೆದು ಎರಡು ಸುರಕ್ಷಿತ ಜಾಗದಲ್ಲಿಡಿ. ಮೊಬೈಲಿನಲ್ಲಿ ಫೋಟೊ ತೆಗೆದಿಡಬೇಡಿ. ಸಹಾಯ ಕೇಂದ್ರದವರೆಂದು ಹೇಳಿಕೊಂಡು ಯಾರು ಕೇಳಿದರೂ ಆ ಪದಗಳನ್ನು ಕೊಡಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಅದು ಎಲ್ಲಿದೆ ಎಂದು ತಿಳಿದಿರಲಿ.

"ಬಡ್ಡಿ ಕೊಡುತ್ತೇವೆ, ಕ್ರಿಪ್ಟೊ ನಮ್ಮಲ್ಲಿಡಿ" ಎನ್ನುವವರಿಂದ ದೂರ ಇರಿ. ಟೆರಾ ಎಂಬ ವ್ಯವಸ್ಥೆಯಲ್ಲಿ ವರ್ಷಕ್ಕೆ ನೂರಕ್ಕೆ ಇಪ್ಪತ್ತರ ಹತ್ತಿರ ಬಡ್ಡಿ ಕೊಡುತ್ತಿದ್ದರು. ಅದರ ಸ್ಟೇಬಲ್‌ಕಾಯಿನ್ ಹಿಂದೆ ನಿಜವಾದ ಡಾಲರ್ ಇರಲಿಲ್ಲ, ಲೂನಾ ಎಂಬ ಇನ್ನೊಂದು ನಾಣ್ಯದ ಆಸರೆ ಮಾತ್ರ. 2022ರ ಮೇ ತಿಂಗಳಲ್ಲಿ ಕೆಲವೇ ದಿನದಲ್ಲಿ ಎರಡೂ ಸೇರಿ ಸುಮಾರು 4,000 ಕೋಟಿ ಡಾಲರ್ ಕರಗಿಹೋಯಿತು.

ನಿಮ್ಮ ಹಳೆಯ ಗಾಯದ ಬಗ್ಗೆಯೂ ಒಂದು ಮಾತು. ನಿಮಗೆ ಮೋಸವಾದದ್ದು ಇಡೀ ಮಾರುಕಟ್ಟೆಯಿಂದ ಎನ್ನುವುದಕ್ಕಿಂತ, ಕಮಿಷನ್ನಿಗಾಗಿ ಮಾರಿದ ಒಂದು ದುಬಾರಿ ಯೋಜನೆಯಿಂದ. ಈ ವ್ಯತ್ಯಾಸದಿಂದ ನಿಮಗೆ ಉಪಯೋಗವಿದೆ. ಕ್ರಿಪ್ಟೊ ಜನ ಒಂದು ಒಳ್ಳೆಯ ಪ್ರಶ್ನೆ ಕಲಿಸಿದ್ದಾರೆ, ಕೀ ಯಾರ ಕೈಯಲ್ಲಿದೆ ಎಂದು. ಅದನ್ನು ಫಂಡಿಗೂ ಕೇಳಿ. ಅಮೆರಿಕದ ಹೂಡಿಕೆ ವಂಚಕ ಬರ್ನಾರ್ಡ್ ಮ್ಯಾಡಾಫ್ ಅಷ್ಟು ವರ್ಷ ಮೋಸ ನಡೆಸಿದ್ದು ಹೇಗೆ? ಗ್ರಾಹಕರ ಹಣ ಹೂಡುವವನೂ ಅವನೇ, ಅದನ್ನು ಇಟ್ಟುಕೊಳ್ಳುವವನೂ ಅವನೇ, ಲೆಕ್ಕದ ಚೀಟಿ ಅಚ್ಚು ಹಾಕುವವನೂ ಅವನೇ. 2008ರ ಡಿಸೆಂಬರಿನಲ್ಲಿ ಬಯಲಾದಾಗ ಕಾಗದದ ಮೇಲೆ ಸುಮಾರು 6,500 ಕೋಟಿ ಡಾಲರ್ ಇತ್ತು, ಅದರಲ್ಲಿ ಬಹುಪಾಲು ಬರೀ ಬರಹ. ಎಫ್‌ಟಿಎಕ್ಸ್‌ನಲ್ಲೂ ಇದೇ ಆದದ್ದು. ಸರಿಯಾದ ಫಂಡಿನಲ್ಲಿ ಹಣ ನಿರ್ವಹಿಸುವವರು ಬೇರೆ, ಆಸ್ತಿ ಕಾಯುವ ಕಸ್ಟೋಡಿಯನ್ ಬೇರೆ. ವರ್ಷಕ್ಕೆ ಎಷ್ಟು ವೆಚ್ಚ, ಮಾರುವವರಿಗೆ ಎಷ್ಟು ಕಮಿಷನ್, ಹೊರಬರಲು ಎಷ್ಟು ಶುಲ್ಕ ಎಂದು ಬರಹದಲ್ಲಿ ಕೇಳಿ. ಹೇಳಲು ಹಿಂದೇಟು ಹಾಕಿದರೆ ಎದ್ದು ಬನ್ನಿ. ಇಡೀ ಮಾರುಕಟ್ಟೆಯ ಸೂಚ್ಯಂಕವನ್ನು ಹಿಂಬಾಲಿಸುವ ಕಡಿಮೆ ವೆಚ್ಚದ ಇಂಡೆಕ್ಸ್ ಫಂಡುಗಳಲ್ಲಿ ಈ ಕಮಿಷನ್ ಆಟಕ್ಕೆ ಜಾಗ ಕಡಿಮೆ. ಅವೂ ಇಳಿಯುತ್ತವೆ. ಆದರೆ ಯಾಕೆ ಇಳಿದವು ಎಂದು ನಿಮಗೆ ಕಾಣುತ್ತದೆ.

ಉಳಿದದ್ದು ನಿಮ್ಮ ಕ್ಲೈಂಟ್. ಸ್ಟೇಬಲ್‌ಕಾಯಿನ್‌ನಲ್ಲಿ ಸಂಭಾವನೆ ಪಡೆಯಬಹುದು, ಕೆಲವು ಷರತ್ತಿನ ಮೇಲೆ. ಅದು ಡಾಲರಿಗೆ ಸಮ ಎನ್ನುವುದು ಅದನ್ನು ಹೊರಡಿಸಿದ ಕಂಪನಿ ಕೊಟ್ಟ ಮಾತು. ಯುಎಸ್‌ಡಿಸಿ ಒಳ್ಳೆಯ ಹೆಸರಿರುವ ಸ್ಟೇಬಲ್‌ಕಾಯಿನ್. 2023ರ ಮಾರ್ಚಿನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಅದರ 330 ಕೋಟಿ ಡಾಲರ್ ಅಲ್ಲಿ ಸಿಕ್ಕಿಬಿತ್ತು. ಒಂದು ಡಾಲರಿನ ನಾಣ್ಯ 88 ಸೆಂಟ್‌ನ ಆಸುಪಾಸಿಗೆ ಇಳಿಯಿತು. ಸರ್ಕಾರ ಆ ಬ್ಯಾಂಕಿನ ಠೇವಣಿಗೆ ಖಾತ್ರಿ ಕೊಟ್ಟ ಮೇಲೆ ಕೆಲವೇ ದಿನದಲ್ಲಿ ಸರಿಹೋಯಿತು. ಬ್ಯಾಂಕ್ ಬೇಡ ಎಂದು ಬಂದವರ ಹಣ ಒಳಗೊಳಗೆ ಬ್ಯಾಂಕಿನಲ್ಲೇ ಇತ್ತು, ಉಳಿಸಿದ್ದೂ ಸರ್ಕಾರವೇ. ಅದಕ್ಕೇ ಸ್ಟೇಬಲ್‌ಕಾಯಿನ್‌ನಲ್ಲಿ ಸಂಬಳ ಬಂದರೆ ಕೂಡಿಡಬೇಡಿ. ಬಂದ ದಿನವೇ, ಹೆಚ್ಚೆಂದರೆ ಮರುದಿನ, ನಿಮ್ಮ ಹಣಕ್ಕೆ ಬದಲಾಯಿಸಿ.

ಬದಲಾಯಿಸುವ ಜಾಗದಲ್ಲೇ ಜಾಸ್ತಿ ಎಚ್ಚರ ಬೇಕು. ನೋಂದಾಯಿತ ಎಕ್ಸ್‌ಚೇಂಜಿಗೇ ನೇರವಾಗಿ ಮಾರಿ. ಪಿ2ಪಿ (ವ್ಯಕ್ತಿಯಿಂದ ವ್ಯಕ್ತಿಗೆ) ಎಂದು ಗುರುತಿಲ್ಲದ ಒಬ್ಬರಿಗೆ ಮಾರಿದರೆ ಒಂದೆರಡು ಕಾಸು ಜಾಸ್ತಿ ಸಿಗಬಹುದು. ಆದರೆ ಆತ ನಿಮ್ಮ ಖಾತೆಗೆ ಹಾಕಿದ್ದು ಯಾರನ್ನೋ ವಂಚಿಸಿ ತಂದ ಹಣವಾಗಿದ್ದರೆ, ಪೊಲೀಸ್ ದೂರಿನ ಮೇಲೆ ನಿಮ್ಮ ಬ್ಯಾಂಕ್ ಖಾತೆಯೇ ಸ್ಥಗಿತವಾಗುತ್ತದೆ. ನೀವು ತಪ್ಪು ಮಾಡಿಲ್ಲ ಎಂದು ತೋರಿಸಲು ತಿಂಗಳುಗಟ್ಟಲೆ ಅಲೆಯಬೇಕು. ಇಂಥ ಪ್ರಕರಣಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಕ್ರಿಪ್ಟೊ ಗುಟ್ಟಾಗಿರುತ್ತದೆ, ತೆರಿಗೆಯವರಿಗೆ ಗೊತ್ತಾಗುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ಆ ಪುಸ್ತಕ ಎಲ್ಲರಿಗೂ ತೆರೆದಿದೆ. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಕದ್ದ ಬಿಟ್‌ಕಾಯಿನ್‌ಗಳ ಜಾಡು ಹಿಡಿದು ಅಮೆರಿಕದ ಅಧಿಕಾರಿಗಳು 2022ರಲ್ಲಿ 94,000ದಷ್ಟನ್ನು ವಶಪಡಿಸಿಕೊಂಡರು. ನಿಮ್ಮ ಸಂಭಾವನೆ ಯಾವ ರೂಪದಲ್ಲಿ ಬಂದರೂ ಆದಾಯವೇ. ಬಂದ ದಿನದ ಬೆಲೆ ಬರೆದಿಡಿ, ಬಿಲ್ ಕೊಡಿ, ನಿಮ್ಮ ದೇಶದ ನಿಯಮ ಇದಕ್ಕೆ ಒಪ್ಪುತ್ತದೆಯೇ ಎಂದು ಲೆಕ್ಕಪತ್ರ ನೋಡುವವರನ್ನು ಮೊದಲೇ ಕೇಳಿ.

ಹಾಗೇ ಇನ್ನೊಂದು ಲೆಕ್ಕ ಹಾಕಿ. ಬ್ಯಾಂಕ್ ಶುಲ್ಕ ಉಳಿಯುವುದು ಯಾರಿಗೆ? ಕಳಿಸುವ ಖರ್ಚು ಕ್ಲೈಂಟಿಗೆ ಉಳಿಯುತ್ತದೆ. ಬದಲಾಯಿಸುವ ಖರ್ಚು, ಅಪಾಯ, ತೆರಿಗೆಯ ಲೆಕ್ಕ ಎಲ್ಲ ನಿಮ್ಮ ತಲೆಗೆ ಬರುತ್ತದೆ. ಎರಡನ್ನೂ ಕಾಗದದ ಮೇಲೆ ಬರೆದು ನೋಡಿ. ವ್ಯತ್ಯಾಸ ಕಡಿಮೆ ಇದ್ದರೆ ಬ್ಯಾಂಕ್ ಮೂಲಕವೇ ಕಳಿಸಿ ಎಂದು ಹೇಳಲು ಹಿಂಜರಿಯಬೇಡಿ. ಜಾಸ್ತಿ ಇದ್ದರೆ ಉಳಿದದ್ದರಲ್ಲಿ ನಿಮ್ಮ ಪಾಲು ಕೇಳಿ, ಸಂಭಾವನೆ ಸ್ವಲ್ಪ ಏರಿಸಿ.

ಒಪ್ಪಿದರೆ ಅವರಿಗೆ ಹೀಗೆ ಬರೆಯಿರಿ. ಯಾವ ನಾಣ್ಯ, ಯಾವ ನೆಟ್‌ವರ್ಕ್ ಎಂದು ಇಬ್ಬರೂ ಮೊದಲೇ ನಿಗದಿ ಮಾಡೋಣ. ಒಂದೇ ಹೆಸರಿನ ನಾಣ್ಯ ಎಥೀರಿಯಂ, ಟ್ರಾನ್ ಎಂಬ ಬೇರೆಬೇರೆ ನೆಟ್‌ವರ್ಕ್‌ಗಳಲ್ಲಿ ಇರುತ್ತದೆ, ತಪ್ಪು ನೆಟ್‌ವರ್ಕಿಗೆ ಹೋದರೆ ವಾಪಸು ತರುವುದು ಕಷ್ಟ, ಎಷ್ಟೋ ಸಲ ಆಗುವುದೇ ಇಲ್ಲ. ವಿಳಾಸದ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿದರೆ ಸಾಲದು, ಪೂರ್ತಿ ನೋಡಬೇಕು. ಹೋಲುವ ವಿಳಾಸದಿಂದ ಚೂರುಪಾರು ಹಣ ಕಳಿಸಿ, ಜನ ಅದನ್ನೇ ನಕಲು ಮಾಡಿಕೊಳ್ಳಲಿ ಎಂದು ಕಾಯುವ ಮೋಸಗಾರರಿದ್ದಾರೆ. ಮೊದಲ ತಿಂಗಳು ಪೂರ್ತಿ ಸಂಭಾವನೆ ಬೇಡ, ಐದು ಡಾಲರ್ ಕಳಿಸಿ. ಅದು ಬಂದು, ಬದಲಾಗಿ, ನನ್ನ ಬ್ಯಾಂಕ್ ಖಾತೆಗೆ ಮುಟ್ಟಿದ ಮೇಲೆ ಉಳಿದದ್ದು ಕಳಿಸಿ.

ಆದರೆ ಈ ಪತ್ರ ಬರೆಯುವ ಮೊದಲು ಅಕ್ಕನ ಮಗನಿಗೆ ಒಂದು ಫೋನ್ ಮಾಡಿ.